ಮಾರ್ಚ್ 4: ಕೌಂಟರ್‌ನಿಂದ ಕೌಂಟರ್‌ಗೆ ಅಲೆದ ಒಂದು ಪ್ರಶ್ನೆ

1/8

ಒಂದು ದಿನಾಂಕ ನೆನಪಿಟ್ಕೊಳ್ಳಿ. 2024ರ ಮಾರ್ಚ್ 4, ಸೋಮವಾರ.

ಆ ದಿನಕ್ಕೆ ಮೂರು ಸಂಗತಿ ಸೇರಿವೆ. ಒಂದು ವಾಷಿಂಗ್ಟನ್‌ನಲ್ಲಿ ನಡೀತು. ಇನ್ನೊಂದು ಅದೇ ವಾಷಿಂಗ್ಟನ್‌ನಲ್ಲಿ ನಡೀಬೇಕಿತ್ತು, ನಡೀಲಿಲ್ಲ. ಮೂರನೇದು ದೆಹಲಿಯಲ್ಲಿ ನಡೀತು. ಅದನ್ನ ಕೊನೇ ಭಾಗಕ್ಕೆ ಇಟ್ಕೊಂಡಿದ್ದೀನಿ.

ನಡೆದದ್ದು: ಡೊನಾಲ್ಡ್ ಟ್ರಂಪ್ ಚುನಾವಣೆಗೆ ನಿಲ್ಲೋಕೆ ಅನರ್ಹರು ಅಂತ ಕೊಲೊರಾಡೊ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟಿದ್ದ ತೀರ್ಪನ್ನ ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡ್ತು.

ನಡೆಯದೇ ಹೋದದ್ದು: 2020ರ ಚುನಾವಣಾ ಫಲಿತಾಂಶವನ್ನ ಬುಡಮೇಲು ಮಾಡೋಕೆ ಯತ್ನಿಸಿದ ಆರೋಪದ ಮೇಲೆ ಅದೇ ಟ್ರಂಪ್ ವಿರುದ್ಧದ ಕ್ರಿಮಿನಲ್ ಕೇಸಿನ ವಿಚಾರಣೆ. ಅದು ಶುರುವಾಗಬೇಕಿದ್ದ ದಿನ ಮೊದಲು ನಿಗದಿಯಾಗಿದ್ದೂ ಮಾರ್ಚ್ 4. ಆ ವಿಚಾರಣೆ ಇವತ್ತಿನವರೆಗೂ ನಡೆದಿಲ್ಲ.

ಮೊದಲೇ ಹೇಳಿಬಿಡ್ತೀನಿ, ಇದು ಟ್ರಂಪ್ ಒಳ್ಳೆಯವರಾ ಕೆಟ್ಟವರಾ ಅನ್ನೋ ಜಗಳ ಅಲ್ಲ. ಅವರು ತಪ್ಪಿತಸ್ಥರು ಅಂತ ಹೇಳೋಕೆ ನಾನು ಜಡ್ಜ್ ಅಲ್ಲ. ನನ್ನ ತಕರಾರೇ ಬೇರೆ. ಹೇಳಬೇಕಾದವರು ಯಾರೂ ಹೌದು ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ.

ತಾಲ್ಲೂಕು ಕಚೇರಿಗೆ ಒಂದು ಸಲ ಹೋದವರಿಗೂ ಇದು ಗೊತ್ತು. "ಇದು ಇಲ್ಲಲ್ಲ, ಆ ಟೇಬಲ್." ಆ ಟೇಬಲ್‌ಗೆ ಹೋದ್ರೆ "ಮೊದಲು ಅಲ್ಲಿ ಸೀಲ್ ಹಾಕಿಸ್ಕೊಂಡು ಬನ್ನಿ." ಸೀಲ್ ಹಾಕೋರ ಹತ್ರ ಹೋದ್ರೆ "ಟೈಮ್ ಆಯ್ತು, ನಾಳೆ ಬನ್ನಿ." ಯಾರೂ ಆಗಲ್ಲ ಅನ್ನಲ್ಲ. ಆದ್ರೆ ಕೆಲಸ ಆಗಲ್ಲ.

ಜಗತ್ತಿನ ಅತಿ ದೊಡ್ಡ ಹುದ್ದೆಯ ವಿಷಯದಲ್ಲೂ ಹಿಂಗೇ ಆಯ್ತು. ಒಂದೊಂದೇ ಕೌಂಟರ್ ನೋಡೋಣ ಬನ್ನಿ.

2/8

ಮೊದಲನೇ ಕೌಂಟರ್: ಅರ್ಹತೆ.

ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಗುಲಾಮಗಿರಿ ಉಳಿಸಿಕೊಳ್ಳೋಕೆ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಗೆ ಹೋದವು, ಸೋತವು. ಸೋತ ಮೇಲೆ ಅದೇ ನಾಯಕರು ಮತ್ತೆ ಸೀಟು ಹಿಡಿಯೋಕೆ ಬಂದ್ರು. ಯಾವ ಸಂವಿಧಾನದ ಮೇಲೆ ಪ್ರಮಾಣ ಮಾಡಿ ಮುರಿದಿದ್ರೋ ಅದರ ಮೇಲೇ ಇನ್ನೊಂದು ಪ್ರಮಾಣ!

ಇದಕ್ಕೆ ಉತ್ತರವಾಗಿ ಬಂದದ್ದು 1868ರ 14ನೇ ತಿದ್ದುಪಡಿಯ 3ನೇ ಸೆಕ್ಷನ್. ಅದರ ಸಾರ ಇಷ್ಟು: ಸಂವಿಧಾನವನ್ನ ಎತ್ತಿಹಿಡಿತೀನಿ ಅಂತ ಅಧಿಕಾರಿಯಾಗಿ ಪ್ರಮಾಣ ಮಾಡಿ, ಆಮೇಲೆ ದಂಗೆಯಲ್ಲಿ ಭಾಗಿಯಾದವರು ಮತ್ತೆ ಹುದ್ದೆ ಹಿಡಿಯುವಂತಿಲ್ಲ. ಕ್ಷಮಿಸಬೇಕು ಅಂದ್ರೆ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. (ಕಾಂಗ್ರೆಸ್ ಅಂದ್ರೆ ಅಲ್ಲಿನ ಸಂಸತ್ತು. ನಮ್ಮ ಪಕ್ಷವನ್ನ ಕಾಮೆಂಟ್‌ಗೆ ಎಳೀಬೇಡಿ.) 1872ರಲ್ಲಿ ಕಾಂಗ್ರೆಸ್ ಬಹುಪಾಲು ಜನರನ್ನ ಹಾಗೇ ಕ್ಷಮಿಸ್ತು ಕೂಡ.

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಆ ಸೆಕ್ಷನ್ ಹೆಚ್ಚುಕಡಿಮೆ ನಿದ್ದೆ ಮಾಡ್ತಿತ್ತು. 2021ರ ಜನವರಿ 6ರಂದು ಗುಂಪೊಂದು ಕ್ಯಾಪಿಟಲ್ ಕಟ್ಟಡಕ್ಕೆ ನುಗ್ಗಿ ಮತಗಳ ಅಧಿಕೃತ ಎಣಿಕೆಯನ್ನ ತಡೆದಾಗ ಅದು ಎದ್ದು ಕೂತ್ಕೊಳ್ತು. ಆ ದಿನ ಗುಂಪಿನ ಜೊತೆ ಇದ್ದ ನ್ಯೂ ಮೆಕ್ಸಿಕೋದ ಒಬ್ಬ ಕೌಂಟಿ ಕಮಿಷನರ್‌ನ 2022ರಲ್ಲಿ ಕೋರ್ಟ್ ಇದೇ ಸೆಕ್ಷನ್ ಹಿಡಿದು ಹುದ್ದೆಯಿಂದ ಕೆಳಗಿಳಿಸ್ತು. ಅಂದ್ರೆ ಸೆಕ್ಷನ್‌ಗೆ ಇನ್ನೂ ಜೀವ ಇತ್ತು.

ಕೊಲೊರಾಡೊದಲ್ಲಿ ಕೇಸ್ ಹಾಕಿದ್ದು ಯಾರು? ವಿರೋಧಿ ಪಕ್ಷದವರಲ್ಲ. ರಿಪಬ್ಲಿಕನ್ ಮತ್ತು ಪಕ್ಷೇತರ ಮತದಾರರು. ಮೊದಲ ಹೆಸರು ನೋರ್ಮಾ ಆಂಡರ್ಸನ್, ವಯಸ್ಸು ತೊಂಬತ್ತು ದಾಟಿದ, ಆ ರಾಜ್ಯದ ಶಾಸನಸಭೆಯಲ್ಲಿ ರಿಪಬ್ಲಿಕನ್ ನಾಯಕಿಯಾಗಿದ್ದ ಅಜ್ಜಿ. ಕೆಳಗಿನ ಕೋರ್ಟ್ ಹೇಳಿದ್ದು ವಿಚಿತ್ರ: ಟ್ರಂಪ್ ದಂಗೆಯಲ್ಲಿ ಭಾಗಿಯಾಗಿದ್ದು ಹೌದು, ಆದ್ರೆ ಈ ಸೆಕ್ಷನ್ ಅಧ್ಯಕ್ಷರಿಗೆ ಅನ್ವಯಿಸಲ್ಲ. 2023ರ ಡಿಸೆಂಬರ್ 19ರಂದು ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ "ಅನ್ವಯಿಸುತ್ತೆ" ಅಂತು. ಒಂಬತ್ತು ದಿನದ ನಂತರ ಮೇನ್ ರಾಜ್ಯದ ಚುನಾವಣಾ ಉಸ್ತುವಾರಿ ಅಧಿಕಾರಿಯೂ ಅದನ್ನೇ ಹೇಳಿದ್ರು.

3/8

ಮಾರ್ಚ್ 4ಕ್ಕೆ ಬಂದ ಉತ್ತರ 9-0. ಕೊಲೊರಾಡೊದಲ್ಲಿ ಪ್ರೈಮರಿ ಮತದಾನಕ್ಕೆ ಒಂದೇ ದಿನ ಬಾಕಿ ಇತ್ತು.

ಇಲ್ಲಿ ನಾನು ಪ್ರಾಮಾಣಿಕವಾಗಿ ಒಂದು ಮಾತು ಒಪ್ಕೋಬೇಕು. ಆ ತೀರ್ಪಿನ ತಿರುಳು ನನಗೆ ಅರ್ಥವಾಗುತ್ತೆ. ಒಬ್ಬೇ ಅಭ್ಯರ್ಥಿ ಒಂದು ರಾಜ್ಯದಲ್ಲಿ ಅರ್ಹ, ಪಕ್ಕದ ರಾಜ್ಯದಲ್ಲಿ ಅನರ್ಹ ಅಂತಾದ್ರೆ ದೇಶದ ಚುನಾವಣೆ ಅನ್ನೋಕಾಗಲ್ಲ. ಇವತ್ತು ಒಂದು ಪಕ್ಷದ ರಾಜ್ಯ ಇವರನ್ನ ತೆಗೆದ್ರೆ ನಾಳೆ ಇನ್ನೊಂದು ಪಕ್ಷದ ರಾಜ್ಯ ಅವರನ್ನ ತೆಗೆಯುತ್ತೆ. ಒಂಬತ್ತೂ ಜನ ಇಷ್ಟಕ್ಕೆ ಒಪ್ಪಿದ್ರು. ಸರಿ.

ಆದ್ರೆ ಐದು ಜನ ಅಷ್ಟಕ್ಕೇ ನಿಲ್ಲಲಿಲ್ಲ. ಕೇಂದ್ರದ ಹುದ್ದೆಗಳ ವಿಷಯದಲ್ಲಿ ಈ ಸೆಕ್ಷನ್ ಜಾರಿಯಾಗಬೇಕಾದ್ರೆ ಕಾಂಗ್ರೆಸ್ ಅದಕ್ಕಂತ ಕಾನೂನು ಮಾಡಬೇಕು ಅಂದ್ರು. ಉಳಿದ ನಾಲ್ವರು, ಅದರಲ್ಲಿ ಟ್ರಂಪ್ ಅವರೇ ನೇಮಿಸಿದ್ದ ಏಮಿ ಕೋನಿ ಬ್ಯಾರೆಟ್ ಕೂಡ ಒಬ್ಬರು, ಅಷ್ಟು ದೂರ ಹೋಗೋ ಅಗತ್ಯ ಇರಲಿಲ್ಲ ಅಂತ ಬರೆದ್ರು.

ಈಗ ಲೆಕ್ಕ ನೋಡಿ. ಸೆಕ್ಷನ್ ಪ್ರಕಾರ ಅನರ್ಹತೆ ತಾನಾಗೇ ಬರುತ್ತೆ, ತೆಗೆಯೋಕೆ ಮೂರನೇ ಎರಡು ಮತ ಬೇಕು. ತೀರ್ಪಿನ ನಂತರ? ಕಾಂಗ್ರೆಸ್ ಸುಮ್ಮನೆ ಕೂತ್ರೆ ಸಾಕು, ಅನರ್ಹತೆ ಬರೋದೇ ಇಲ್ಲ. ಕ್ಷಮಿಸೋಕೆ ಕಷ್ಟಪಡಿ ಅಂತ ಬರೆದ ನಿಯಮ, ಏನೂ ಮಾಡದಿದ್ರೆ ಕ್ಷಮೆ ಸಿಗೋ ನಿಯಮ ಆಯ್ತು. ಇನ್ನು ಅವರು ದಂಗೆಯಲ್ಲಿ ಭಾಗಿಯಾಗಿದ್ರಾ ಅನ್ನೋ ಮೂಲ ಪ್ರಶ್ನೆಯನ್ನ ಕೋರ್ಟ್ ಮುಟ್ಟಲೇ ಇಲ್ಲ.

"ಜನ ತೀರ್ಮಾನ ಮಾಡಲಿ ಬಿಡಿ" ಅಂತೀರಾ? ಅಮೆರಿಕದ ಅಧ್ಯಕ್ಷರಿಗೆ ಕನಿಷ್ಠ 35 ವರ್ಷ ಆಗಿರಬೇಕು. 33 ವರ್ಷದ ಜನಪ್ರಿಯ ನಾಯಕ ಬಂದು "ಜನ ನನ್ನನ್ನ ಬಯಸ್ತಾರೆ" ಅಂದ್ರೆ ಬಿಡ್ತಾರಾ? ಇಲ್ಲ. ಅರ್ಹತೆಯ ನಿಯಮ ಇರೋದೇ ಜನಪ್ರಿಯತೆಗೂ ಒಂದು ಬೇಲಿ ಇರಲಿ ಅಂತ. ವಯಸ್ಸಿಗೆ ಬೇಲಿ ಗಟ್ಟಿ, ದಂಗೆಗೆ ಬೇಲಿ ಸಡಿಲ. ಯಾಕೆ?

4/8

ಈ ಭಾಗ ನನ್ನ ಸಬ್ಜೆಕ್ಟ್. ಬಿಕಾಂನವರು ಗಮನವಿಟ್ಟು ಓದಿ.

"34 ಆರೋಪದಲ್ಲಿ ಅಪರಾಧಿ ಆದ್ರಲ್ಲ, ಹೇಗೆ ನಿಂತ್ರು?" ಅಂತ ಎಷ್ಟೋ ಜನ ಕೇಳ್ತಾರೆ. ಆ 34 ಏನು ಗೊತ್ತಾ? 11 ಇನ್‌ವಾಯ್ಸ್, 11 ಚೆಕ್, 12 ಲೆಡ್ಜರ್ ಎಂಟ್ರಿ. ಅಷ್ಟೇ. 2016ರ ಚುನಾವಣೆಗೆ ಮುಂಚೆ ಒಬ್ಬ ನಟಿ ಬಾಯಿ ಬಿಡದಿರಲಿ ಅಂತ ಟ್ರಂಪ್ ಅವರ ವಕೀಲ ಮೈಕೆಲ್ ಕೋಹೆನ್ 1,30,000 ಡಾಲರ್ ಕೊಟ್ಟಿದ್ರು. ಆ ಹಣವನ್ನ ತೆರಿಗೆ, ಬೋನಸ್ ಎಲ್ಲ ಸೇರಿಸಿ 4,20,000 ಡಾಲರ್ ಆಗಿ 2017ರಲ್ಲಿ ಕೋಹೆನ್‌ಗೆ ವಾಪಸ್ ಕೊಟ್ರು. ಪುಸ್ತಕದಲ್ಲಿ ಬರೆದ ಹೆಡ್: ಕಾನೂನು ಖರ್ಚು.

ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡೋದು: ವೋಚರ್ ಇಲ್ಲದೆ ಎಂಟ್ರಿ ಇಲ್ಲ, ಎಂಟ್ರಿಯ ವಿವರಣೆ ವ್ಯವಹಾರಕ್ಕೆ ನಿಜವಾಗಿರಬೇಕು. ಸಾಲ ತೀರಿಸಿದ್ದನ್ನ ಫೀಸು ಅಂತ ಬರೆದ್ರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತೆ, ಸತ್ಯ ತಾಳೆಯಾಗಲ್ಲ. 2024ರ ಮೇ 30ರಂದು ನ್ಯೂಯಾರ್ಕ್‌ನ 12 ಜನರ ಜ್ಯೂರಿ 34ಕ್ಕೆ 34ರಲ್ಲೂ ಅಪರಾಧಿ ಅಂತು. ಅವರು ಮೇಲ್ಮನವಿ ಹಾಕಿದ್ದಾರೆ, ಅದು ಅವರ ಹಕ್ಕು.

ಆದ್ರೆ ಅಪರಾಧಿ ಅಂತಾದ್ರೂ ಚುನಾವಣೆಗೆ ನಿಲ್ಲೋಕೆ ಅಲ್ಲಿ ಅಡ್ಡಿ ಇಲ್ಲ. ನಮ್ಮಲ್ಲಿ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಇದೆ: ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದ್ರೆ ಅನರ್ಹ, ಬಿಡುಗಡೆಯಾದ ಮೇಲೂ ಆರು ವರ್ಷ ಅನರ್ಹ. ಅಲ್ಲಿ ಅಂಥದ್ದಿಲ್ಲ. ಹುಟ್ಟಿನಿಂದ ಪ್ರಜೆ, 35 ವರ್ಷ, 14 ವರ್ಷ ವಾಸ, ಇಷ್ಟೇ. 1920ರಲ್ಲಿ ಯೂಜೀನ್ ಡೆಬ್ಸ್ ಅನ್ನೋ ಸಮಾಜವಾದಿ ನಾಯಕ ಜೈಲಿನಿಂದಲೇ ಸ್ಪರ್ಧಿಸಿದ್ರು, ಯುದ್ಧದ ವಿರುದ್ಧ ಭಾಷಣ ಮಾಡಿದ ತಪ್ಪಿಗೆ ಒಳಗಿದ್ದವರು.

ಡೆಬ್ಸ್ ಕಥೆ ಓದಿದ ಮೇಲೆ ನನಗನ್ನಿಸಿದ್ದು, ಈ ನಿಯಮದಲ್ಲಿ ಒಂದು ಅರ್ಥ ಇದೆ. ಇಲ್ಲದಿದ್ರೆ ಅಧಿಕಾರದಲ್ಲಿರೋರು ಎದುರಾಳಿಗೆ ಕೇಸ್ ಹಾಕಿ ಕಣದಿಂದಲೇ ಹೊರಗಟ್ಟಬಹುದು. ಹಾಗಾಗಿ ನನ್ನ ಸಿಟ್ಟು ಈ ಕೌಂಟರ್ ಮೇಲಲ್ಲ. ಮುಂದಿನದರ ಮೇಲೆ.

5/8

ಎರಡನೇ ಕೌಂಟರ್: ಇಮ್ಯುನಿಟಿ.

ಕೋವಿಡ್ ಟೈಮಲ್ಲಿ ಕಷಾಯ ಕುಡಿದು ಬೆಳೆಸ್ಕೊಂಡ ಇಮ್ಯುನಿಟಿ ಅಲ್ಲ. ಕೇಸ್ ತಗಲದ ಹಾಗೆ ಕಾಪಾಡೋ ಇಮ್ಯುನಿಟಿ.

2023ರ ಆಗಸ್ಟ್ 1ಕ್ಕೆ ಸ್ಪೆಷಲ್ ಕೌನ್ಸೆಲ್ ಜಾಕ್ ಸ್ಮಿತ್ ನಾಲ್ಕು ಆರೋಪ ಹೊರಿಸಿದ್ರು. ಟ್ರಂಪ್ ಪರ ವಾದ: ಅಧ್ಯಕ್ಷನಾಗಿದ್ದಾಗ ಮಾಡಿದ್ದಕ್ಕೆ ಕ್ರಿಮಿನಲ್ ಕೇಸ್ ಹಾಕಂಗಿಲ್ಲ. ಜಡ್ಜ್ ತಾನ್ಯಾ ಚಟ್ಕನ್ ತಳ್ಳಿಹಾಕಿದ್ರು. ಮೇಲ್ಮನವಿ ಕೋರ್ಟ್‌ನ ಮೂವರೂ ಒಮ್ಮತದಿಂದ ತಳ್ಳಿಹಾಕಿದ್ರು. ಅಲ್ಲೇ ಒಬ್ಬ ಜಡ್ಜ್ ಕೇಳಿದ ಪ್ರಶ್ನೆ ಪ್ರಸಿದ್ಧ: ಅಧ್ಯಕ್ಷ ನೌಕಾಪಡೆಯ ಕಮಾಂಡೋಗಳಿಗೆ ಹೇಳಿ ರಾಜಕೀಯ ಎದುರಾಳಿಯನ್ನ ಕೊಲ್ಲಿಸಿದ್ರೆ? ವಕೀಲರ ಉತ್ತರದ ಸಾರ: ಮೊದಲು ಮಹಾಭಿಯೋಗದಲ್ಲಿ ತಪ್ಪಿತಸ್ಥ ಅಂತಾಗಬೇಕು, ಆಮೇಲೆ ಕೇಸ್.

2024ರ ಜುಲೈ 1ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ತೀರ್ಪು ಕೊಡ್ತು. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಮೂರು ಡಬ್ಬಿ ಮಾಡಿದ್ರು:

ಒಂದು, ಸಂವಿಧಾನ ಅಧ್ಯಕ್ಷರಿಗೆ ಮಾತ್ರ ಕೊಟ್ಟ ಮೂಲ ಅಧಿಕಾರಗಳು. ಪೂರ್ತಿ ಇಮ್ಯುನಿಟಿ.

ಎರಡು, ಉಳಿದ ಅಧಿಕೃತ ಕೆಲಸಗಳು. ಇಮ್ಯುನಿಟಿ ಇದೆ ಅಂತಲೇ ಶುರು ಮಾಡಬೇಕು, ಇಲ್ಲ ಅಂತ ಸಾಬೀತು ಮಾಡೋ ಹೊಣೆ ಸರ್ಕಾರಿ ವಕೀಲರದ್ದು.

ಮೂರು, ಖಾಸಗಿ ಕೆಲಸ. ಇಮ್ಯುನಿಟಿ ಇಲ್ಲ.

ಕೇಳೋಕೆ ನೀಟಾಗಿದೆ. ಆದ್ರೆ ಕೆಳಗೆ ಸಣ್ಣಕ್ಷರ ಇದೆ. ಅಧಿಕೃತವೋ ಖಾಸಗಿಯೋ ಅಂತ ವಿಂಗಡಿಸುವಾಗ ಉದ್ದೇಶ ಏನಿತ್ತು ಅಂತ ಕೋರ್ಟ್ ಕೇಳಂಗಿಲ್ಲ. ಖಾಸಗಿ ಅಪರಾಧದ ಕೇಸಲ್ಲೂ ಇಮ್ಯುನಿಟಿ ಇರೋ ಅಧಿಕೃತ ಕೆಲಸವನ್ನ ಸಾಕ್ಷಿಯಾಗಿ ತರಂಗಿಲ್ಲ. ಈ ಕೊನೇ ಮಾತನ್ನ ಬ್ಯಾರೆಟ್ ಕೂಡ ಒಪ್ಪಲಿಲ್ಲ. ಲಂಚದ ಕೇಸ್ ತಗೊಳ್ಳಿ. ದುಡ್ಡು ತಗೊಂಡಿದ್ದನ್ನ ತೋರಿಸಬಹುದು, ದುಡ್ಡಿಗೆ ಪ್ರತಿಯಾಗಿ ಮಾಡಿಕೊಟ್ಟ ಅಧಿಕೃತ ಕೆಲಸವನ್ನ ತೋರಿಸಬಾರದು ಅಂದ್ರೆ ಕೇಸ್ ಹೇಗೆ ನಿಲ್ಲುತ್ತೆ? ಡೆಬಿಟ್ ಮಾತ್ರ ತೋರಿಸಿ, ಕ್ರೆಡಿಟ್ ಮುಚ್ಚಿಡಿ ಅಂದ ಹಾಗೆ.

6/8

ತೀರ್ಪಿನ ಪರವಾಗಿ ಇರೋ ಗಟ್ಟಿ ವಾದವನ್ನೂ ಕೇಳೋಣ. "ಇಮ್ಯುನಿಟಿ ಇಲ್ಲದಿದ್ರೆ ಪ್ರತಿ ಅಧ್ಯಕ್ಷನ ಮೇಲೂ ಮುಂದಿನ ಅಧ್ಯಕ್ಷ ಕೇಸ್ ಹಾಕ್ತಾನೆ. ಭಯದಲ್ಲಿ ಯಾರೂ ನಿರ್ಧಾರ ತಗೊಳ್ಳಲ್ಲ."

ಭಯ ಸುಳ್ಳಲ್ಲ. ಆದ್ರೆ 1789ರಿಂದ 2024ರವರೆಗೆ ಈ ಕವಚ ಇದೆ ಅಂತ ಯಾವ ಸುಪ್ರೀಂ ಕೋರ್ಟೂ ಹೇಳಿರಲಿಲ್ಲ. ಅಷ್ಟು ವರ್ಷ ಅಧ್ಯಕ್ಷರು ಯುದ್ಧ ಮಾಡಿದ್ರು, ಅಣುಬಾಂಬ್ ಹಾಕಿದ್ರು. ಯಾರ ಕೈಯೂ ನಡುಗಲಿಲ್ಲ. 1982ರಲ್ಲಿ ನಿಕ್ಸನ್ ಕೇಸಲ್ಲಿ ಇಮ್ಯುನಿಟಿ ಸಿಕ್ಕಿದ್ದು ನಷ್ಟ ಪರಿಹಾರದ ಸಿವಿಲ್ ದಾವೆಗೆ, ಅದೂ 5-4ರಲ್ಲಿ. ಜೈಲಿಗೆ ಕಳಿಸೋ ಕೇಸಿಗಲ್ಲ.

ಅದೇ ನಿಕ್ಸನ್ ಇನ್ನೊಂದು ಸಾಕ್ಷಿ. ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟ ಮೇಲೆ 1974ರ ಸೆಪ್ಟೆಂಬರ್ 8ರಂದು ಅಧ್ಯಕ್ಷ ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ರು, ನಿಕ್ಸನ್ ತಗೊಂಡ್ರು. ಕೇಸ್ ಹಾಕೋಕೆ ಬರಲ್ಲ ಅನ್ನೋದಾದ್ರೆ ಕ್ಷಮಾದಾನ ಯಾಕೆ ಬೇಕಿತ್ತು? ಮಳೆನೇ ಬರದ ಊರಲ್ಲಿ ಛತ್ರಿ ಯಾರು ಕೊಡ್ತಾರೆ, ಯಾರು ತಗೊಳ್ತಾರೆ?

ಈಗ ಮಹಾಭಿಯೋಗದ ಕಥೆ. ಇದೇ ನನಗೆ ಅತಿ ಹೆಚ್ಚು ಉರಿ ಹತ್ತಿಸಿದ್ದು. 2021ರ ಫೆಬ್ರವರಿ 13ಕ್ಕೆ ಸೆನೆಟ್‌ನಲ್ಲಿ ಮತದಾನ ನಡೀತು. ತಪ್ಪಿತಸ್ಥ ಅಂದವರು 57, ಅಲ್ಲ ಅಂದವರು 43. ಬೇಕಿದ್ದದ್ದು 67. ಆಗ ಟ್ರಂಪ್ ಪರ ವಕೀಲರು ಹೇಳಿದ್ದೇನು? ಹುದ್ದೆ ಬಿಟ್ಟವರನ್ನ ಇಲ್ಲಿ ವಿಚಾರಿಸಬೇಡಿ, ಅದಕ್ಕೆ ಕೋರ್ಟ್‌ಗಳಿವೆ. ತಪ್ಪಿತಸ್ಥ ಅಲ್ಲ ಅಂತ ಮತ ಹಾಕಿದ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಕೂಡ ಮಾಜಿ ಅಧ್ಯಕ್ಷರು ಕ್ರಿಮಿನಲ್ ನ್ಯಾಯದಿಂದ ಹೊರಗಿಲ್ಲ ಅಂತ ಸದನದಲ್ಲೇ ಹೇಳಿದ್ರು.

ಮೂರು ವರ್ಷದ ನಂತರ ಕೋರ್ಟಲ್ಲಿ? ಸೆನೆಟ್‌ನಲ್ಲಿ ಮೊದಲು ಶಿಕ್ಷೆ ಆಗಬೇಕಿತ್ತು, ಆಗಿಲ್ಲ, ಹಾಗಾಗಿ ಇಲ್ಲಿ ಬರಬೇಡಿ!

ಸೆನೆಟ್ ಕೇಳಿದ್ರೆ ಕೋರ್ಟ್‌ಗೆ ಹೋಗಿ. ಕೋರ್ಟ್ ಕೇಳಿದ್ರೆ ಸೆನೆಟ್‌ಗೆ ಹೋಗಿ. ರಾಜ್ಯ ಕೇಳಿದ್ರೆ ಕಾಂಗ್ರೆಸ್‌ಗೆ ಹೋಗಿ. ಆ ಟೇಬಲ್, ಈ ಟೇಬಲ್.

7/8

ಮೂರನೇ ಕೌಂಟರ್: ಕ್ಯಾಲೆಂಡರ್.

ಕೋರ್ಟಲ್ಲಿ ಗೆಲ್ಲೋಕೆ ವಾದ ಗೆಲ್ಲಲೇಬೇಕು ಅಂತಿಲ್ಲ, ಟೈಮ್ ಗೆದ್ರೂ ಸಾಕು. ತಾರೀಖುಗಳನ್ನ ಸಾಲಾಗಿ ಇಡ್ತೀನಿ, ನೀವೇ ನೋಡಿ.

2023ರ ಡಿಸೆಂಬರ್ 11: ಇಮ್ಯುನಿಟಿ ಪ್ರಶ್ನೆಯನ್ನ ಬೇಗ ನೇರವಾಗಿ ತೀರ್ಮಾನಿಸಿ ಅಂತ ಜಾಕ್ ಸ್ಮಿತ್ ಸುಪ್ರೀಂ ಕೋರ್ಟ್‌ಗೆ ಕೇಳ್ಕೊಂಡ್ರು.
ಡಿಸೆಂಬರ್ 22: ಕೋರ್ಟ್ ಒಪ್ಪಲಿಲ್ಲ.
2024ರ ಫೆಬ್ರವರಿ 6: ಮೇಲ್ಮನವಿ ಕೋರ್ಟ್ "ಇಮ್ಯುನಿಟಿ ಇಲ್ಲ" ಅಂತು.
ಏಪ್ರಿಲ್ 25: ಸುಪ್ರೀಂ ಕೋರ್ಟಲ್ಲಿ ವಾದ.
ಜುಲೈ 1: ತೀರ್ಪು. ಯಾವುದು ಅಧಿಕೃತ ಯಾವುದು ಖಾಸಗಿ ಅಂತ ವಿಂಗಡಿಸಿ ಅಂತ ಬಹುಪಾಲು ಮತ್ತೆ ಕೆಳಗಿನ ಕೋರ್ಟ್‌ಗೇ.
ನವೆಂಬರ್ 5: ಚುನಾವಣೆ. ಟ್ರಂಪ್ ಗೆದ್ರು.
ನವೆಂಬರ್ 25: ಅಧಿಕಾರದಲ್ಲಿರೋ ಅಧ್ಯಕ್ಷರ ಮೇಲೆ ಕೇಸ್ ನಡೆಸಬಾರದು ಅನ್ನೋ ನ್ಯಾಯ ಇಲಾಖೆಯ ನೀತಿಯಂತೆ ಸ್ಮಿತ್ ಕೇಸ್ ಕೈಬಿಡೋಕೆ ಅರ್ಜಿ ಹಾಕಿದ್ರು. ಕೇಸ್ ವಜಾ.
2025ರ ಜನವರಿ 10: ನ್ಯೂಯಾರ್ಕ್‌ನ 34 ಆರೋಪಗಳಿಗೆ ಶಿಕ್ಷೆ ಪ್ರಕಟ. ಜೈಲಿಲ್ಲ, ದಂಡ ಇಲ್ಲ, ಷರತ್ತೂ ಇಲ್ಲ.
ಜನವರಿ 20: ಪ್ರಮಾಣವಚನ. ಅದೇ ದಿನ ಜನವರಿ 6ರ ಪ್ರಕರಣಗಳ ಸುಮಾರು 1,500 ಜನರಿಗೆ ಕ್ಷಮಾದಾನ.

ಗೇಟ್ ಮುರಿದವರಿಗೆ ಮೊದಲು ಶಿಕ್ಷೆ ಆಗಿ, ಆಮೇಲೆ ಕ್ಷಮೆ ಸಿಕ್ತು. ಕರೆ ಕೊಟ್ಟ ಆರೋಪ ಹೊತ್ತವರಿಗೆ ವಿಚಾರಣೆಯೇ ಆಗಲಿಲ್ಲ.

ಟ್ರಂಪ್ ಅಭಿಮಾನಿಗಳು ಇದನ್ನ ಗೆಲುವು ಅಂತಾರೆ. ನಾನು ಅವರಿಗೆ ಕೇಳೋದು ಒಂದೇ. ವಿಚಾರಣೆ ನಡೆದು ಜ್ಯೂರಿ "ನಿರಪರಾಧಿ" ಅಂದಿದ್ರೆ? ಅದು ಗೆಲುವು. ಈಗ ಸಿಕ್ಕಿರೋದು ರಿಸಲ್ಟ್ ತಡೆಹಿಡಿದ ಮಾರ್ಕ್ಸ್‌ಕಾರ್ಡ್. ಅವರು ನಿಜಕ್ಕೂ ನಿರಪರಾಧಿ ಆಗಿದ್ರೆ ಅದನ್ನ ಹೇಳೋ ಕಾಗದವೂ ಈಗ ಇಲ್ಲ. ಮತದಾರರಿಗೆ ಮೋಸ ಆಗಿದ್ದು ಎರಡೂ ಕಡೆಯವರಿಗೆ. ಮತ ಹಾಕೋ ಮುಂಚೆ ಸಾಕ್ಷಿ ಕೇಳೋ ಹಕ್ಕು ಅವರದ್ದಾಗಿತ್ತು.

8/8

"ಅಮೆರಿಕದ ಗಲಾಟೆ ನಮಗ್ಯಾಕೆ?" ಅನ್ನೋರಿಗೆ ಈ ಭಾಗ. ಬಾಕಿ ಇಟ್ಟಿದ್ದ ಮೂರನೇ ಸಂಗತಿ.

1993ರಲ್ಲಿ ನರಸಿಂಹ ರಾವ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಕೆಲವು ಸಂಸದರು ದುಡ್ಡು ತಗೊಂಡು ಮತ ಹಾಕಿದ ಆರೋಪ. 1998ರಲ್ಲಿ ನಮ್ಮ ಸುಪ್ರೀಂ ಕೋರ್ಟ್ 3-2ರಲ್ಲಿ ಹೇಳಿದ್ದು: ಲಂಚ ತಗೊಂಡು ಸದನದಲ್ಲಿ ಮತ ಹಾಕಿದ್ರೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆ. ತಗೊಂಡು ಮತ ಹಾಕದವರಿಗೆ ರಕ್ಷಣೆ ಇಲ್ಲ! ಮಾತಿಗೆ ತಪ್ಪದ ಲಂಚಕೋರನಿಗೆ ಬಹುಮಾನ.

2024ರ ಮಾರ್ಚ್ 4, ಅದೇ ಸೋಮವಾರ, ಸೀತಾ ಸೊರೇನ್ ಕೇಸಲ್ಲಿ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನ ಅಳಿಸಿಹಾಕಿದ್ರು. ಲಂಚ ತಗೊಳ್ಳೋದು ಶಾಸಕರ ಕೆಲಸದ ಭಾಗ ಅಲ್ಲ, ಅದಕ್ಕೆ ಇಮ್ಯುನಿಟಿ ಇಲ್ಲ ಅಂದ್ರು. ದೆಹಲಿ ಕವಚ ಬಿಚ್ಚಿತು. ನಾಲ್ಕೇ ತಿಂಗಳಲ್ಲಿ ವಾಷಿಂಗ್ಟನ್ ಕವಚ ತೊಡಿಸ್ತು.

ಇದಕ್ಕೆ ಎದೆ ಉಬ್ಬಿಸೋದು ಬೇಡ. ನಮಗೆ ಆ ತಪ್ಪು ತಿದ್ದೋಕೆ 26 ವರ್ಷ ಹಿಡೀತು. ನಮ್ಮ 361ನೇ ವಿಧಿ ರಾಷ್ಟ್ರಪತಿ, ರಾಜ್ಯಪಾಲರ ಮೇಲೆ ಕ್ರಿಮಿನಲ್ ಕೇಸ್ ತಡೆಯೋದು ಅವರ ಅವಧಿ ಮುಗಿಯೋವರೆಗೆ ಮಾತ್ರ. ಪ್ರಧಾನಿ, ಮುಖ್ಯಮಂತ್ರಿಗೆ ಅದೂ ಇಲ್ಲ. ಆದ್ರೆ 1975ರ ತುರ್ತು ಪರಿಸ್ಥಿತಿಯಲ್ಲಿ ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರಿಗೆ ಜೀವನಪೂರ್ತಿ ಕ್ರಿಮಿನಲ್ ಕೇಸಿನಿಂದ ರಕ್ಷಣೆ ಕೊಡೋ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಪಾಸೂ ಆಗಿತ್ತು. ಲೋಕಸಭೆಯಲ್ಲಿ ಪಾಸಾಗಲಿಲ್ಲ, ನಾವು ಬಚಾವಾದ್ವಿ. ಆಸೆ ಎಲ್ಲಾ ಕಡೆ ಒಂದೇ. ಹೆಸರು ಮಾತ್ರ ಬೇರೆ ಬೇರೆ: ಸ್ಥಿರತೆ, ಧೈರ್ಯದ ನಿರ್ಧಾರ, ಹುದ್ದೆಯ ಘನತೆ.

ಮುಂದೊಂದು ದಿನ ನಮ್ಮಲ್ಲೂ ಯಾರೋ ಒಬ್ಬ ನಾಯಕರ ಪರ ವಕೀಲರು ಅಮೆರಿಕದ ತೀರ್ಪು ತೋರಿಸಿ "ಅಲ್ಲೇ ಒಪ್ಪಿದ್ದಾರೆ ಸ್ವಾಮಿ" ಅನ್ನಬಹುದು. ಆ ನಾಯಕ ನಿಮಗೆ ಇಷ್ಟದವರೇ ಆಗಿರಬಹುದು. ಆಗ ಈ ಪೋಸ್ಟ್ ನೆನಪಾಗಲಿ. ನಾವು ಕೇಳಬೇಕಾದ್ದು ಯಾರ ಮೇಲೆ ಕೇಸು ಅಂತ ಅಲ್ಲ, ಯಾವ ಕೌಂಟರ್‌ನಲ್ಲಿ ಉತ್ತರ ಸಿಗುತ್ತೆ ಅಂತ. ಯಾವ ಕೌಂಟರ್‌ನಲ್ಲೂ ಸಿಗಲ್ಲ ಅಂದ್ರೆ ಆ ಮನುಷ್ಯ ಕಾನೂನಿಗಿಂತ ಮೇಲೆ ಕೂತಿದ್ದಾರೆ ಅಂತಲೇ ಅರ್ಥ, ಯಾವ ಕೋರ್ಟೂ ಅದನ್ನ ಬಾಯಿಬಿಟ್ಟು ಹೇಳದಿದ್ರೂ.

ಒಪ್ಪದಿದ್ರೆ ಕಾಮೆಂಟಲ್ಲಿ ವಾದ ಮಾಡಿ, ಬೈಗುಳ ಬೇಡ. 3ನೇ ಭಾಗಕ್ಕೆ ಗಟ್ಟಿ ಉತ್ತರ ಇದ್ದವರದ್ದನ್ನ ಪಿನ್ ಮಾಡ್ತೀನಿ. ಇಷ್ಟ ಆದ್ರೆ ಸೇವ್ ಮಾಡ್ಕೊಳ್ಳಿ, ಮನೆಯಲ್ಲಿ ನ್ಯೂಸ್ ನೋಡ್ತಾ ಜಗಳ ಆಡೋ ಚಿಕ್ಕಪ್ಪನಿಗೆ ಕಳಿಸಿ.

#ಕಾನೂನು #ಸಂವಿಧಾನ #ಅಮೆರಿಕ #ಕನ್ನಡದಲ್ಲಿ_ರಾಜಕೀಯ